ದೀಕ್ಷೆ ಒಂದೇ, ಪಂಕ್ತಿ ಏಕೆ ಬೇರೆ?

ಊಟಕ್ಕೆ ಕುಳಿತವರ ನಡುವೆ ಭೇದ ಮಾಡಬಾರದು ಎಂಬುದು ನಮ್ಮ ನಾಡಿನ ಹಳೆಯ ನೀತಿ. ಒಬ್ಬನ ಎಲೆಗೆ ತುಪ್ಪ, ಪಕ್ಕದವನ ಎಲೆಗೆ ಬರಿಯ ಸಾರು ಬಡಿಸಿದರೆ ಅದನ್ನು ಪಂಕ್ತಿಭೇದ ಎನ್ನುತ್ತಾರೆ. ಆ ಪಾಪ ಬಡಿಸಿದವನಿಗೇ ಸುತ್ತಿಕೊಳ್ಳುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ಈ ನೀತಿಯನ್ನು ಕೇಳುತ್ತಲೇ ಬೆಳೆದ ನಮಗೆ ದೇವಾಲಯದ ಒಳಗೇ ಒಂದು ಕಷ್ಟದ ಪ್ರಶ್ನೆ ಎದುರಾಗುತ್ತದೆ.

ಭಾನುವಾರದ ಪೂಜೆಗೆ ಗಂಡ ಹೆಂಡತಿ ಒಟ್ಟಿಗೆ ಬಂದಿದ್ದಾರೆ ಎಂದುಕೊಳ್ಳಿ. ಹೆಂಡತಿ ಕಥೋಲಿಕಳು, ಗಂಡ ಸಿ.ಎಸ್.ಐ. ಸಭೆಯವನು. ಶುಭಸಂದೇಶ ಓದುವಾಗ ಇಬ್ಬರೂ ಎದ್ದು ನಿಂತರು. ಪ್ರಭು ಕಲಿಸಿದ ಪ್ರಾರ್ಥನೆಯನ್ನು ಇಬ್ಬರೂ ಹೇಳಿದರು. ಅಕ್ಕಪಕ್ಕದವರಿಗೆ ಶಾಂತಿಯ ವಂದನೆ ಮಾಡಿದರು. ಪರಮಪ್ರಸಾದದ ಹೊತ್ತಿಗೆ ಮಾತ್ರ ಹೆಂಡತಿ ಎದ್ದು ಸಾಲಿಗೆ ಹೋದಳು, ಗಂಡ ಬೆಂಚಿನಲ್ಲೇ ಉಳಿದ. "ಅಪ್ಪ ಯಾಕೆ ಹೋಗಲಿಲ್ಲ?" ಎಂದು ಮಗು ಕೇಳಿದರೆ ತಾಯಿ ಏನು ಹೇಳಬೇಕು?

ಇಂತಹ ಮನೆಗಳು ನಮ್ಮ ಧರ್ಮಕೇಂದ್ರಗಳಲ್ಲಿ ಈಗ ಅಪರೂಪವಲ್ಲ. ಅವರ ಪ್ರಶ್ನೆ ಸರಳವಾದದ್ದು. ನಾವಿಬ್ಬರೂ ಒಬ್ಬನೇ ಯೇಸುವಿಗೆ ಸೇರಿದವರು. ಆತನ ಪಂಕ್ತಿಯಲ್ಲಿ ನಮ್ಮನ್ನು ಬೇರೆ ಮಾಡುವುದು ಪಂಕ್ತಿಭೇದವಲ್ಲವೇ? ಸುಂಕದವರೊಡನೆ, ಪಾಪಿಗಳೊಡನೆ ಕುಳಿತು ಉಂಡ ಪ್ರಭು ಹೀಗೆ ಮಾಡುತ್ತಿದ್ದರೇ? "ಅದು ಧರ್ಮಸಭೆಯ ಕಟ್ಟಳೆ, ಸುಮ್ಮನಿರಿ" ಎಂದು ಈ ಪ್ರಶ್ನೆಯನ್ನು ತಳ್ಳಿಹಾಕುವುದು ಸರಿಯಲ್ಲ. "ಎಲ್ಲ ಒಂದೇ, ಎಲ್ಲಿ ಕೊಟ್ಟರೂ ತೆಗೆದುಕೊಳ್ಳಿ" ಎಂದು ಹಗುರವಾಗಿ ಉತ್ತರಿಸುವುದೂ ಸರಿಯಲ್ಲ. ಸ್ವಲ್ಪ ತಾಳ್ಮೆಯಿಂದ ಯೋಚಿಸೋಣ.

ರೀತಿ ಬೇರೆಯಾದರೆ ಭೇದವೇ?

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ದೂರ ಮಾಡಬೇಕು. "ನಮ್ಮಲ್ಲಿ ಸ್ವರೂಪಗಳಿವೆ, ಧೂಪವಿದೆ, ಅವರಲ್ಲಿ ಬರೀ ಬೋಧನೆ ಮತ್ತು ಹಾಡು. ಅದಕ್ಕೇ ನಾವು ಬೇರೆ" ಎಂದು ಹಲವರು ತಿಳಿದಿದ್ದಾರೆ. ಆದರೆ ಆರಾಧನೆಯ ರೀತಿ ಬೇರೆಯಾದ ಮಾತ್ರಕ್ಕೆ ಪಂಕ್ತಿ ಬೇರೆಯಾಗುವುದಿಲ್ಲ. ಇದಕ್ಕೆ ಸಾಕ್ಷಿ ನಮ್ಮ ಕರ್ನಾಟಕದಲ್ಲೇ ಇದೆ. ಬೆಳ್ತಂಗಡಿ (1999), ಭದ್ರಾವತಿ (2007) ಮತ್ತು ಮಂಡ್ಯ (2010) ಸಿರೋ ಮಲಬಾರ್ ಧರ್ಮಪ್ರಾಂತ್ಯಗಳು. ಪುತ್ತೂರು (2010) ಸಿರೋ ಮಲಂಕರ ಧರ್ಮಪ್ರಾಂತ್ಯ. ಇವರ ಕುರ್ಬಾನದ ಪ್ರಾರ್ಥನೆಗಳು ಬೇರೆ, ರಾಗಗಳು ಬೇರೆ, ಯಾಜಕರ ಉಡುಪೂ ಬೇರೆ. ಮಲಂಕರದವರು ನಮ್ಮಂತೆ ಹುಳಿಯಿಲ್ಲದ ರೊಟ್ಟಿಯ ಬದಲು ಹುಳಿ ಸೇರಿಸಿದ ರೊಟ್ಟಿಯನ್ನು ಅರ್ಪಿಸುತ್ತಾರೆ. ಆದರೂ ಲತೀನ್ ವಿಧಿಯ ನಾವು ಅಲ್ಲಿ ಧಾರಾಳವಾಗಿ ಪರಮಪ್ರಸಾದ ಸ್ವೀಕರಿಸಬಹುದು, ಅವರು ನಮ್ಮಲ್ಲಿ ಸ್ವೀಕರಿಸಬಹುದು. ಪಂಕ್ತಿ ಒಂದೇ, ಅಡುಗೆಯ ಶೈಲಿ ಬೇರೆ ಅಷ್ಟೇ.

ಇನ್ನೂ ಆಶ್ಚರ್ಯದ ಒಂದು ಸಂಗತಿ ಇದೆ. ಪೂರ್ವದ ಅಸ್ಸೀರಿಯನ್ ಧರ್ಮಸಭೆ ಬಹು ಪುರಾತನವಾದದ್ದು. ಭಾರತದಲ್ಲಿ ಅದರ ಕೇಂದ್ರ ತ್ರಿಶೂರು. ಅವರು ಬಳಸುವ 'ಅದ್ದಾಯ್ ಮತ್ತು ಮಾರಿ' ಎಂಬ ಬಲಿಪೂಜೆಯ ಪ್ರಾರ್ಥನೆಯಲ್ಲಿ, ಕಡೆಯ ಭೋಜನದಲ್ಲಿ ಯೇಸು ಹೇಳಿದ ಮಾತುಗಳು ನಮ್ಮ ಪೂಜೆಯಲ್ಲಿರುವಂತೆ ಒಂದೇ ಕಡೆ ನೇರವಾಗಿ ಬರುವುದಿಲ್ಲ. ಪೂಜೆಯ ಹೃದಯವೇ ಆ ಮಾತುಗಳು ಎಂದು ಕಲಿತ ನಮಗೆ ಇದು ವಿಚಿತ್ರ. ಆದರೂ ಆ ಪ್ರಾರ್ಥನೆ ಸಿಂಧುವಾದದ್ದು ಎಂದು ರೋಮ್ 2001ರಲ್ಲಿ ಒಪ್ಪಿಕೊಂಡಿತು.

ಇತರ ಸಭೆಗಳಿಂದ ನಾವು ಕಲಿತದ್ದೂ ಇದೆ, ಅವರು ನಮ್ಮಿಂದ ಕಲಿತದ್ದೂ ಇದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಕನ್ನಡದಲ್ಲಿ ಆರಾಧನೆ ನಡೆಸಿ, ಕನ್ನಡದಲ್ಲಿ ಕೀರ್ತನೆಗಳನ್ನು ಹಾಡುತ್ತಿದ್ದ ಕಾಲದಲ್ಲಿ ನಮ್ಮ ಹಿರಿಯರು ಲತೀನ್ ಪೂಜೆಯ ನಡುವೆ ಜಪಸರ ಎಣಿಸುತ್ತಿದ್ದರು. 1963ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಆರಾಧನಾ ವಿಧಿಯ ಬಗ್ಗೆ ಸಂವಿಧಾನ ಹೊರಡಿಸಿದ ಮೇಲೆ ಪೂಜೆ ನಮ್ಮ ನುಡಿಗೆ ಬಂತು. ಅತ್ತ, 1969ರಲ್ಲಿ ನಮ್ಮ ಧರ್ಮಸಭೆ ರೂಪಿಸಿದ ಮೂರು ವರ್ಷಗಳ ಬೈಬಲ್ ವಾಚನದ ಕ್ರಮವನ್ನು ಅನೇಕ ಪ್ರೊಟೆಸ್ಟಂಟ್ ಸಭೆಗಳು ಅಲ್ಪಸ್ವಲ್ಪ ಬದಲಾವಣೆಯೊಂದಿಗೆ ಎತ್ತಿಕೊಂಡವು. ಸಿ.ಎಸ್.ಐ. ಸಭೆ 1950ರಲ್ಲಿ ತನ್ನ ಪ್ರಭು ಭೋಜನದ ವಿಧಿಯನ್ನು ರಚಿಸಿದಾಗ, ಕೈಯಿಂದ ಕೈಗೆ ಶಾಂತಿಯನ್ನು ದಾಟಿಸುವ ರೂಢಿಯನ್ನು ಕೇರಳದ ಸುರಿಯಾನಿ ಪರಂಪರೆಯಿಂದ ಪಡೆದುಕೊಂಡಿತು. ಹೀಗೆ ಗೋಡೆಗಳ ಮೇಲಿಂದ ಒಳ್ಳೆಯದು ಓಡಾಡುತ್ತಲೇ ಇದೆ.

ಎಲ್ಲರಿಗೂ ಒಂದೇ ನೀರು

ಸಂಸ್ಕಾರಗಳಿಗೆ ಬರೋಣ. ಕಥೋಲಿಕರಿಗೆ ಮತ್ತು ಆರ್ಥೊಡಾಕ್ಸರಿಗೆ ಸಂಸ್ಕಾರಗಳು ಏಳು. ಬಹುತೇಕ ಪ್ರೊಟೆಸ್ಟಂಟ್ ಸಭೆಗಳು ಪ್ರಭುವೇ ಆಜ್ಞಾಪಿಸಿದವು ಎಂದು ದೀಕ್ಷಾಸ್ನಾನ ಮತ್ತು ಪ್ರಭು ಭೋಜನ ಎಂಬ ಎರಡನ್ನು ಮಾತ್ರ ಆ ಹೆಸರಿನಿಂದ ಕರೆಯುತ್ತವೆ. ಆರ್ಥೊಡಾಕ್ಸರಲ್ಲಿ ಕೂಸಿಗೆ ದೀಕ್ಷಾಸ್ನಾನ, ತೈಲಾಭಿಷೇಕ, ಪರಮಪ್ರಸಾದ ಮೂರನ್ನೂ ಒಂದೇ ಆರಾಧನೆಯಲ್ಲಿ ಕೊಡುತ್ತಾರೆ. ಬ್ಯಾಪ್ಟಿಸ್ಟರು, ಬ್ರದರನ್ನರು, ಪೆಂತೆಕೋಸ್ತರು ಕೂಸುಗಳಿಗೆ ದೀಕ್ಷೆ ಕೊಡುವುದಿಲ್ಲ. ಸ್ವತಃ ವಿಶ್ವಾಸವನ್ನು ಹೇಳಿಕೊಳ್ಳಬಲ್ಲವರನ್ನು ನೀರಿನಲ್ಲಿ ಮುಳುಗಿಸುತ್ತಾರೆ. ಸಾಲ್ವೇಶನ್ ಆರ್ಮಿಯವರು 1883ರಿಂದ ಯಾವ ಸಂಸ್ಕಾರವನ್ನೂ ಆಚರಿಸುತ್ತಿಲ್ಲ.

ಇಷ್ಟೆಲ್ಲ ಭಿನ್ನತೆಗಳ ನಡುವೆ ನಮ್ಮನ್ನು ಕಟ್ಟಿಹಾಕುವ ಒಂದು ಗಂಟು ದೀಕ್ಷಾಸ್ನಾನ. ಮೂರನೆಯ ಶತಮಾನದಲ್ಲೇ ಈ ಬಗ್ಗೆ ದೊಡ್ಡ ವಾದ ಎದ್ದಿತ್ತು. ಧರ್ಮಸಭೆಯಿಂದ ಬೇರ್ಪಟ್ಟವರು ಕೊಟ್ಟ ದೀಕ್ಷೆ ನಿಜವಾದದ್ದಲ್ಲ, ಅಂಥವರು ಬಂದರೆ ಮತ್ತೆ ದೀಕ್ಷೆ ಕೊಡಬೇಕು ಎಂದು ಕಾರ್ಥೇಜಿನ ಸಂತ ಸಿಪ್ರಿಯಾನರು ವಾದಿಸಿದರು. ಬೇಡ ಎಂದವರು ರೋಮಿನ ಪೋಪ್ ಸ್ತೇಫಾನರು. ಮುಂದೆ ಸಂತ ಅಗಸ್ಟಿನರು ಇದಕ್ಕೆ ಕಾರಣವನ್ನು ಬಿಡಿಸಿ ಹೇಳಿದರು: ನೀರು ಹೊಯ್ಯುವ ಕೈ ಯಾರದೇ ಆಗಿರಲಿ, ನಿಜವಾಗಿ ದೀಕ್ಷೆ ಕೊಡುವವರು ಕ್ರಿಸ್ತರೇ. ಇಂದಿಗೂ ಧರ್ಮಸಭೆಯ ಬೋಧನೆ ಇದೇ. ಪ್ರಾಣಾಪಾಯದಲ್ಲಿರುವ ಕೂಸಿಗೆ ಆಸ್ಪತ್ರೆಯ ದಾದಿಯೊಬ್ಬಳು, ಆಕೆ ಕ್ರೈಸ್ತಳೇ ಅಲ್ಲದಿದ್ದರೂ, ಧರ್ಮಸಭೆ ಮಾಡುವುದನ್ನೇ ಮಾಡುವ ಉದ್ದೇಶದಿಂದ ಪಿತ, ಸುತ, ಪವಿತ್ರಾತ್ಮರ ಹೆಸರಿನಲ್ಲಿ ನೀರು ಹೊಯ್ದರೆ ಆ ದೀಕ್ಷೆ ಸಿಂಧು.

ಹೀಗಾಗಿ ಸಿ.ಎಸ್.ಐ. ಅಥವಾ ಮೆಥೋಡಿಸ್ಟ್ ಸಭೆಯಿಂದ ಒಬ್ಬರು ನಮ್ಮಲ್ಲಿಗೆ ಬಂದರೆ ಅವರಿಗೆ ಮರಳಿ ದೀಕ್ಷೆ ಕೊಡುವುದಿಲ್ಲ. ಈ ಗೌರವ ಎರಡೂ ಕಡೆಯಿಂದ ಸಲ್ಲಬೇಕಾದದ್ದು. 1982ರಲ್ಲಿ ಪೆರು ದೇಶದ ಲೀಮಾ ನಗರದಲ್ಲಿ ಹಲವು ಸಭೆಗಳ ದೈವಶಾಸ್ತ್ರಜ್ಞರು, ಕಥೋಲಿಕರೂ ಸೇರಿ, ಸಿದ್ಧಪಡಿಸಿದ ದಾಖಲೆಯು ಮರುದೀಕ್ಷೆಯಂತೆ ತೋರುವ ಯಾವ ಆಚರಣೆಯೂ ಬೇಡ ಎಂದು ಸ್ಪಷ್ಟವಾಗಿ ಹೇಳಿತು. ನಗರಗಳಲ್ಲಿ ನಮ್ಮ ಯುವಕರಿಗೆ "ನೀನು ಕೂಸಾಗಿದ್ದಾಗ ಆದದ್ದು ಲೆಕ್ಕಕ್ಕಿಲ್ಲ, ಮತ್ತೆ ಮುಳುಗು" ಎಂಬ ಒತ್ತಾಯ ಬರುವುದುಂಟು. ಅಂಥವರಿಗೆ ಕೋಪದ ಉತ್ತರ ಬೇಕಿಲ್ಲ. ನಾನು ದೇವರನ್ನು ಆರಿಸಿಕೊಳ್ಳುವ ಮೊದಲೇ ದೇವರು ನನ್ನನ್ನು ಆರಿಸಿಕೊಂಡರು, ಅದನ್ನು ಅಳಿಸಿ ಬರೆಯಲು ನನಗೆ ಅಧಿಕಾರವಿಲ್ಲ ಎಂದರೆ ಸಾಕು. ಅದೇ ಹೊತ್ತಿಗೆ ಒಂದು ಮಾತನ್ನು ನಾವೂ ಕೇಳಿಕೊಳ್ಳಬೇಕು. ಕೂಸಿಗೆ ದೀಕ್ಷೆ ಕೊಡಿಸಿ, ಫೋಟೋ ತೆಗೆಸಿ, ಊಟ ಹಾಕಿಸಿ, ಆಮೇಲೆ ಮನೆಯಲ್ಲಿ ಪ್ರಾರ್ಥನೆಯನ್ನೇ ಕಲಿಸದ ತಂದೆತಾಯಿ ಎಷ್ಟು ಮಂದಿ? ಆ ಸಭೆಗಳವರ ಪ್ರಶ್ನೆ ನಮ್ಮನ್ನು ಚುಚ್ಚುವುದು ಇಲ್ಲಿ.

ಪಂಕ್ತಿ ಮುರಿದದ್ದು ಹೇಗೆ?

ನೀರು ಒಂದೇ ಆದ ಮೇಲೆ ರೊಟ್ಟಿ ಏಕೆ ಬೇರೆಯಾಯಿತು? ಕೆಲವೊಮ್ಮೆ ಮನುಷ್ಯರ ಜಗಳದಿಂದ. ಉಡುಪಿಯ ಬಳಿಯ ಬ್ರಹ್ಮಾವರವನ್ನೇ ನೋಡಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಇಲ್ಲಿನ ಇಗರ್ಜಿಗಳ ಅಧಿಕಾರ ಗೋವೆಯ ಪೋರ್ಚುಗೀಸ್ 'ಪದ್ರುವಾದೊ'ಗೆ ಸೇರಿದ್ದೋ ರೋಮಿನ 'ಪ್ರೊಪಗಾಂದ'ಕ್ಕೆ ಸೇರಿದ್ದೋ ಎಂಬ ವ್ಯಾಜ್ಯ ನಡೆದಿತ್ತು. ಆ ಬೇಗುದಿಯಲ್ಲಿ ಗೋವೆಯ ಯಾಜಕ ಆಲ್ವಾರಿಸರು 1889ರಲ್ಲಿ ಮಾರ್ ಜೂಲಿಯುಸ್ ಎಂಬ ಹೆಸರಿನಿಂದ ಸುರಿಯಾನಿ ಆರ್ಥೊಡಾಕ್ಸ್ ಧರ್ಮಾಧ್ಯಕ್ಷರಾದರು. ಫಾದರ್ ನೊರೊನ್ಹಾ ಅವರ ನೇತೃತ್ವದಲ್ಲಿ ಬ್ರಹ್ಮಾವರದ ಕೊಂಕಣಿ ಕುಟುಂಬಗಳು ಆ ಕಡೆ ಸೇರಿದವು. ಅವರ ಭಾಷೆ ನಮ್ಮದೇ, ಮನೆಯ ಹೆಸರುಗಳೂ ನಮ್ಮವೇ. ಆದರೂ ಪಂಕ್ತಿ ಎರಡಾಯಿತು.

ಇನ್ನು ಕೆಲವೊಮ್ಮೆ ಪಂಕ್ತಿ ಮುರಿದದ್ದು ವಿಶ್ವಾಸದ ಪ್ರಶ್ನೆಯಿಂದಲೇ. 1529ರಲ್ಲಿ ಜರ್ಮನಿಯ ಮಾರ್ಬುರ್ಗಿನಲ್ಲಿ ಲೂಥರ್ ಮತ್ತು ಸ್ವಿಂಗ್ಲಿ ಎದುರುಬದುರು ಕುಳಿತರು. ಇಬ್ಬರೂ ರೋಮಿನಿಂದ ಬೇರ್ಪಟ್ಟವರೇ. ಹದಿನಾಲ್ಕು ವಿಷಯಗಳಲ್ಲಿ ಅವರಿಗೆ ಒಮ್ಮತ ಸಿಕ್ಕಿತು. ಪ್ರಭು ಭೋಜನದ ಹದಿನೈದನೆಯ ವಿಷಯದಲ್ಲಿ, ರೊಟ್ಟಿಯಲ್ಲಿ ಕ್ರಿಸ್ತರು ನಿಜವಾಗಿ ಇದ್ದಾರೆಯೇ ಎಂಬ ಪ್ರಶ್ನೆಯ ಮೇಲೆ, ಮಾತುಕತೆ ಮುರಿಯಿತು. ರೊಟ್ಟಿಯನ್ನು ತನ್ನ ದೇಹವೆಂದ ಪ್ರಭುವಿನ ಮಾತನ್ನು ಲೂಥರ್ ಸೀಮೆಸುಣ್ಣದಿಂದ ಮೇಜಿನ ಮೇಲೆ ಬರೆದಿಟ್ಟುಕೊಂಡು ಅದರಿಂದ ಕದಲಲಿಲ್ಲ. ಸ್ವಿಂಗ್ಲಿಗೆ ಅದು ಸಂಕೇತ ಮಾತ್ರ. ಅಂದರೆ, ಪ್ರೊಟೆಸ್ಟಂಟರೆಲ್ಲ ಒಂದೇ ಮಾತು ಹೇಳುತ್ತಾರೆ ಎಂಬ ನಮ್ಮ ಎಣಿಕೆಯೂ ತಪ್ಪು. ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನಲ್ಲಿ ಲೂಥರ್ ಪರಂಪರೆಯವರೂ ಸ್ವಿಸ್ ಸುಧಾರಣೆಯ ಪರಂಪರೆಯವರೂ ಒಟ್ಟಿಗೆ ದುಡಿದರು. ಮದ್ರಾಸಿನಲ್ಲಿ 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್, ಮೆಥೋಡಿಸ್ಟ್ ಮುಂತಾದ ಸಭೆಗಳು ಒಂದಾಗಿ ಸಿ.ಎಸ್.ಐ. ಆದದ್ದು ಸಣ್ಣ ಸಾಧನೆಯಲ್ಲ. ಒಡೆದದ್ದನ್ನು ಕೂಡಿಸಬಹುದು ಎಂದು ಅವರು ತೋರಿಸಿಕೊಟ್ಟಿದ್ದಾರೆ.

'ಆಮೆನ್' ಎಂದರೆ ಏನು?

ಈಗ ಮೂಲ ಪ್ರಶ್ನೆ. ಯಾಜಕರು ಪರಮಪ್ರಸಾದವನ್ನು ಎತ್ತಿ ತೋರಿಸಿ 'ಕ್ರಿಸ್ತರ ದೇಹ' ಎಂದಾಗ ನಾವು 'ಆಮೆನ್' ಎನ್ನುತ್ತೇವೆ. 'ಹೌದು, ನಿಜ' ಎಂಬುದು ಅದರ ಅರ್ಥ. ಇದು ರೊಟ್ಟಿಯ ರೂಪದಲ್ಲಿರುವ ಪ್ರಭುವೇ ಎಂಬುದಕ್ಕೆ ಹೌದು. ಈ ಬಲಿಪೂಜೆ ಅರ್ಪಿಸಲು ಈ ಯಾಜಕರಿಗೆ ಪ್ರೇಷಿತರಿಂದ ಇಳಿದುಬಂದ ದೀಕ್ಷೆ ಇದೆ ಎಂಬುದಕ್ಕೆ ಹೌದು. ಪೂಜೆಯಲ್ಲಿ ನಾವು ಹೆಸರಿಟ್ಟು ಪ್ರಾರ್ಥಿಸಿದ ಪೋಪ್ ಮತ್ತು ಧರ್ಮಾಧ್ಯಕ್ಷರೊಂದಿಗೆ ನಾನು ಒಂದೇ ಕುಟುಂಬ ಎಂಬುದಕ್ಕೂ ಹೌದು. ಇಷ್ಟನ್ನೂ ಒಪ್ಪದ ಸಹೋದರನಿಂದ ಆ ಒಂದು ಶಬ್ದವನ್ನು ಹೇಳಿಸಿದರೆ ಅವನ ಪ್ರಾಮಾಣಿಕತೆಗೆ ನಾವೇ ಧಕ್ಕೆ ತಂದಂತೆ. ಅವನ ಸಭೆಯಲ್ಲಿ ನಾವು ಹೋಗಿ ಕೈಚಾಚಿದರೂ ಅಷ್ಟೇ. ಅವರ ವಿಶ್ವಾಸಕ್ಕೆ ಮನಸ್ಸಿನಲ್ಲಿ ಇಲ್ಲವೆಂದು, ಬಾಯಲ್ಲಿ ಹೌದೆಂದಂತೆ. ಪ್ರೀತಿ ದೊಡ್ಡದು, ನಿಜ. ಆದರೆ ಸುಳ್ಳಿನ ಮೇಲೆ ಕಟ್ಟಿದ ಪ್ರೀತಿ ಬಾಳುವುದಿಲ್ಲ.

ಹಾಗೆಂದು ಬಾಗಿಲು ಪೂರ್ತಿ ಮುಚ್ಚಿಲ್ಲ. 1964ರಲ್ಲಿ ಮಹಾಸಭೆ ಹೊರಡಿಸಿದ ಕ್ರೈಸ್ತ ಐಕ್ಯತೆಯ ಆಜ್ಞಾಪತ್ರ ಎರಡು ತತ್ವಗಳನ್ನು ಜೊತೆಯಾಗಿ ಮುಂದಿಡುತ್ತದೆ. ಸಂಸ್ಕಾರ ಐಕ್ಯತೆಯ ಗುರುತು. ಆದ್ದರಿಂದ ಸಾಮಾನ್ಯವಾಗಿ ಹಂಚಿಕೊಳ್ಳಲಾಗದು. ಸಂಸ್ಕಾರ ಕೃಪೆಯ ಸಾಧನವೂ ಹೌದು. ಆದ್ದರಿಂದ ಕೆಲವೊಮ್ಮೆ ಹಂಚಿಕೊಳ್ಳುವುದು ಉಚಿತ. 1983ರ ಧರ್ಮಸಭಾ ಕಾನೂನು ಸಂಹಿತೆಯ 844ನೇ ನಿಯಮ ಇವೆರಡನ್ನೂ ತೂಗಿನೋಡುತ್ತದೆ. ಆರ್ಥೊಡಾಕ್ಸರು ತಾವಾಗಿ ಕೇಳಿದರೆ, ತಕ್ಕ ಸಿದ್ಧತೆ ಇದ್ದರೆ, ನಮ್ಮ ಯಾಜಕರು ಪರಮಪ್ರಸಾದ ಕೊಡಬಹುದು. ಪ್ರೊಟೆಸ್ಟಂಟ್ ಬಂಧುವೊಬ್ಬರು ಮರಣಾಪಾಯದಲ್ಲಿದ್ದು ಅಥವಾ ಧರ್ಮಾಧ್ಯಕ್ಷರು ಒಪ್ಪುವಂಥ ಗಂಭೀರ ಅಗತ್ಯವಿದ್ದು, ತಮ್ಮ ಸಭಾಪಾಲಕರು ಸಿಗದೆ, ಈ ಸಂಸ್ಕಾರದ ಬಗ್ಗೆ ನಮ್ಮ ವಿಶ್ವಾಸವನ್ನೇ ತಾವೂ ಹೊಂದಿ, ತಕ್ಕ ಸಿದ್ಧತೆಯಿಂದ, ತಾವಾಗಿ ಕೇಳಿದರೆ ಅವರಿಗೂ ಕೊಡಬಹುದು. 1984ರಲ್ಲಿ ಪೋಪ್ ಎರಡನೇ ಜಾನ್ ಪೌಲರು ಅಂತಿಯೋಕ್ಯದ ಸುರಿಯಾನಿ ಆರ್ಥೊಡಾಕ್ಸ್ ಪಿತೃಪ್ರಧಾನರೊಡನೆ ಇನ್ನೂ ಮುಂದೆ ಹೋದರು. ತಮ್ಮ ಯಾಜಕರು ಸಿಗದ ಕಡೆ ಎರಡೂ ಸಭೆಗಳವರು ಪರಸ್ಪರರ ಯಾಜಕರಿಂದ ಪಾಪನಿವೇದನೆ, ಪರಮಪ್ರಸಾದ ಮತ್ತು ವ್ಯಾಧಿಸ್ಥರ ಅಭ್ಯಂಗನವನ್ನು ಕೇಳಿ ಪಡೆಯಬಹುದೆಂದು ಇಬ್ಬರೂ ಘೋಷಿಸಿದರು.

ಇದನ್ನು ಗಮನಿಸಿ. ಪಂಕ್ತಿಭೇದ ಮಾಡುವವನು ಸಾಯುವವನಿಗೂ ಬಡಿಸುವುದಿಲ್ಲ. ಸಾಯುವ ಹೊತ್ತಿಗೆ ಬಾಗಿಲು ತೆರೆಯುವ ತಾಯಿ, ಉಳಿದ ದಿನಗಳಲ್ಲಿ ಕಾಯಿರಿ ಎನ್ನುವುದು ತಿರಸ್ಕಾರದಿಂದಲ್ಲ.

ಮನೆಯೊಳಗಿನ ನೋವು

ಆದರೂ ನೋವು ನೋವೇ. ದೀಕ್ಷೆ ಪಡೆದ ಇಬ್ಬರ ಸಿಂಧುವಾದ ಮದುವೆಯನ್ನು ಧರ್ಮಸಭೆ ಸಂಸ್ಕಾರವೆಂದೇ ಎಣಿಸುತ್ತದೆ, ಒಬ್ಬರು ಪ್ರೊಟೆಸ್ಟಂಟರಾಗಿದ್ದರೂ ಸಹ. ಅಂದರೆ ಆ ದಂಪತಿಗಳು ಎರಡು ಸಂಸ್ಕಾರಗಳಲ್ಲಿ ಒಂದು, ಮೂರನೆಯದರಲ್ಲಿ ಬೇರೆ. ಅವರು ಪರಮಪ್ರಸಾದ ಹಂಚಿಕೊಳ್ಳುವುದು ಅಪವಾದವಾಗಿ ಮಾತ್ರ ಸಾಧ್ಯ ಎಂದು ರೋಮಿನ 1993ರ ಮಾರ್ಗಸೂಚಿ ಹೇಳುತ್ತದೆ. 2015ರ ನವೆಂಬರ್ 15ರಂದು ಪೋಪ್ ಫ್ರಾನ್ಸಿಸರು ರೋಮಿನ ಲೂಥರನ್ ದೇವಾಲಯಕ್ಕೆ ಹೋದಾಗ, ಕಥೋಲಿಕನನ್ನು ಮದುವೆಯಾಗಿದ್ದ ಲೂಥರನ್ ಮಹಿಳೆಯೊಬ್ಬರು ಇದೇ ಪ್ರಶ್ನೆಯನ್ನು ಕಣ್ಣೆದುರೇ ಕೇಳಿದರು. ಪೋಪರು ತಡವರಿಸಿದರು. ಅನುಮತಿ ಕೊಡುವುದು ತನ್ನ ಕೈಯಲ್ಲಿಲ್ಲ ಎಂದರು. ಇಬ್ಬರಿಗೂ ಇರುವ ಒಂದೇ ದೀಕ್ಷೆಯನ್ನು ನೆನೆಯಿರಿ, ಪ್ರಭುವಿನೊಡನೆ ಮಾತಾಡಿ ಮುಂದೆ ಸಾಗಿರಿ ಎಂದು ಹೇಳಿ ನಿಲ್ಲಿಸಿದರು. ಅಂದು ಅವರು ಆ ಸಭೆಗೆ ಕೊಟ್ಟ ಕಾಣಿಕೆ ಒಂದು ಪಾನಪಾತ್ರೆ. ಅದು ನಿಯಮವನ್ನು ಬದಲಿಸುವ ಉತ್ತರವಲ್ಲ. ಆದರೆ ಧರ್ಮಸಭೆಯ ಮುಖ್ಯಸ್ಥರೇ ಈ ನೋವನ್ನು ಸುಲಭದ ಮಾತಿನಿಂದ ಮುಚ್ಚಲಿಲ್ಲ ಎಂಬುದು ನಮಗೆ ಪಾಠ.

ಹಾಗಾದರೆ ಆ ಮಗುವಿಗೆ ಏನು ಹೇಳಬೇಕು? "ಅಪ್ಪನೂ ಯೇಸುವಿನವರೇ. ನಮ್ಮ ಮನೆಯವರಲ್ಲಿ ಹಿಂದೆ ದೊಡ್ಡ ಜಗಳವಾಯಿತು, ಇನ್ನೂ ಪೂರ್ತಿ ರಾಜಿಯಾಗಿಲ್ಲ. ಆಗಲಿ ಎಂದು ದಿನಾ ಪ್ರಾರ್ಥಿಸೋಣ" ಎನ್ನಬಹುದು. ಮಗುವಿಗೆ ಇದು ಅರ್ಥವಾಗುತ್ತದೆ. ಅಪ್ಪನ ಸಭೆ ಕೀಳು ಎಂದು ಮಾತ್ರ ಎಂದಿಗೂ ಹೇಳಕೂಡದು.

ನಿಜವಾದ ಪಂಕ್ತಿಭೇದ

ಪ್ರಭು ಭೋಜನದ ಬಗ್ಗೆ ಸಂತ ಪೌಲರು ಅತ್ಯಂತ ಕಟುವಾಗಿ ಬರೆದದ್ದು ಬೇರೆ ಸಭೆಯವರಿಗಲ್ಲ, ಒಂದೇ ಸಭೆಯ ಕೊರಿಂಥದವರಿಗೆ. ಅಲ್ಲಿ ಉಳ್ಳವರು ಮೊದಲೇ ಉಂಡು ಕುಡಿದು ತೃಪ್ತರಾಗುತ್ತಿದ್ದರು, ಇಲ್ಲದವರು ಹಸಿದು ನಿಲ್ಲುತ್ತಿದ್ದರು. ನೀವು ಉಣ್ಣುತ್ತಿರುವುದು ಪ್ರಭುವಿನ ಭೋಜನವೇ ಅಲ್ಲ, ನಿಮ್ಮ ಮೇಲೆ ನೀವೇ ತೀರ್ಪು ತಂದುಕೊಳ್ಳುತ್ತಿದ್ದೀರಿ ಎಂಬರ್ಥದಲ್ಲಿ ಪೌಲರು ಎಚ್ಚರಿಸಿದರು.

ಈ ಕನ್ನಡಿಯನ್ನು ನಮ್ಮ ಮುಖಕ್ಕೆ ಹಿಡಿಯೋಣ. ಒಂದೇ ಪಾತ್ರೆಯಿಂದ ಪರಮಪ್ರಸಾದ ತೆಗೆದುಕೊಳ್ಳುವ ನಾವು, ಹೊರಗೆ ಬಂದು ಕನ್ನಡದವರು, ತಮಿಳರು, ಕೊಂಕಣಿಗರು ಎಂದು ಬೇರೆ ಬೇರೆ ಗುಂಪಾಗುವುದಿಲ್ಲವೇ? ದಲಿತ ಕ್ರೈಸ್ತ ಸಹೋದರನ ಜೊತೆ ಸಾಲಿನಲ್ಲಿ ನಿಂತು, ಸಂಬಂಧದ ಮಾತು ಬಂದಾಗ ಜಾತಿ ವಿಚಾರಿಸುವವರು ನಮ್ಮಲ್ಲಿ ಇಲ್ಲವೇ? ಆಸ್ತಿಗಾಗಿ ವರ್ಷಗಟ್ಟಲೆ ಮಾತುಬಿಟ್ಟ ಅಣ್ಣತಮ್ಮಂದಿರು ಒಂದೇ ಪೂಜೆಯಲ್ಲಿ ಎರಡು ಮೂಲೆಯಲ್ಲಿ ಕುಳಿತು 'ಆಮೆನ್' ಎನ್ನುವುದಿಲ್ಲವೇ? ವಿಶ್ವಾಸ ಪೂರ್ತಿ ಕೂಡದ್ದರಿಂದ ಪಂಕ್ತಿಗೆ ಬಾರದೆ ಕುಳಿತ ಸಿ.ಎಸ್.ಐ. ಸಹೋದರನದು ಪ್ರಾಮಾಣಿಕತೆ. ವಿಶ್ವಾಸ ಪೂರ್ತಿ ಕೂಡಿದ್ದೂ ಮನಸ್ಸು ಕೂಡದೆ ಪಂಕ್ತಿಗೆ ಬಂದ ನಮ್ಮದೇ ಪಂಕ್ತಿಭೇದ. ನಿಯಮದ ಬೇಲಿಯನ್ನು ಕಾಯುವವರು ಬೇಲಿಯ ಒಳಗಿನ ಹೊಲವನ್ನೂ ನೋಡಿಕೊಳ್ಳಬೇಕು.

ಇಂದೇ ಮಾಡಬಹುದಾದದ್ದು

ಮಾಡಲಾಗದ್ದು ಒಂದು, ಮಾಡಬಹುದಾದದ್ದು ಹತ್ತು. ಪ್ರೊಟೆಸ್ಟಂಟ್ ಬಂಧುಗಳ ಮದುವೆಗೆ, ಶವಸಂಸ್ಕಾರಕ್ಕೆ ಹೋದಾಗ ಮನಸಾರೆ ಹಾಡೋಣ, ಪ್ರಾರ್ಥಿಸೋಣ. ಪ್ರಭು ಭೋಜನದ ಹೊತ್ತಿಗೆ ಕುಳಿತಲ್ಲೇ ತಲೆಬಾಗಿ, ಐಕ್ಯತೆಗಾಗಿ ಬೇಡೋಣ. ಅವರು ನಮ್ಮಲ್ಲಿಗೆ ಬಂದಾಗ ಪರಕೀಯರಂತೆ ನೋಡದೆ ಪಕ್ಕದಲ್ಲಿ ಜಾಗ ಮಾಡಿಕೊಡೋಣ. ಮಿಶ್ರ ವಿವಾಹದ ಮನೆಗಳಲ್ಲಿ ಸಂಜೆ ಬೈಬಲ್ ಓದಿ ಒಟ್ಟಿಗೆ ಪ್ರಾರ್ಥಿಸಲು ಯಾವ ನಿಯಮವೂ ಅಡ್ಡ ಬರುವುದಿಲ್ಲ. ಅನುಮಾನ ಬಂದರೆ ಧರ್ಮಕೇಂದ್ರದ ಗುರುಗಳಲ್ಲಿ ಕೇಳಿರಿ. ನೆರೆಮನೆಯವರ ಗಾಳಿಮಾತನ್ನು ನಂಬಬೇಡಿ. ಪ್ರತಿವರ್ಷ ಜನವರಿ 18ರಿಂದ 25ರವರೆಗೆ ನಡೆಯುವ ಕ್ರೈಸ್ತ ಐಕ್ಯತೆಯ ಪ್ರಾರ್ಥನಾ ವಾರಕ್ಕೆ ನಮ್ಮಲ್ಲಿ ಬರುವವರು ಎಷ್ಟು ಮಂದಿ ಎಂಬುದನ್ನೂ ಯೋಚಿಸೋಣ.

ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆಯವರು ಪ್ರಭು ಭೋಜನಕ್ಕೆ ಮುಂಚೆ ಒಬ್ಬರ ಪಾದವನ್ನೊಬ್ಬರು ತೊಳೆಯುತ್ತಾರೆ. ನಮ್ಮಲ್ಲಿ ಅದು ವರ್ಷಕ್ಕೊಮ್ಮೆ, ಪವಿತ್ರ ಗುರುವಾರ, ಆಯ್ದ ಕೆಲವರಿಗೆ ಮಾತ್ರ. ಸಂತ ಯೊವಾನ್ನರು ಕಡೆಯ ಭೋಜನವನ್ನು ಬಣ್ಣಿಸುವಾಗ ರೊಟ್ಟಿ ಮುರಿದ ಸಂಗತಿಯನ್ನು ಬರೆಯದೆ ಪಾದ ತೊಳೆದ ಸಂಗತಿಯನ್ನೇ ಬರೆದರು. ಆ ಸೇವೆಗೆ ಯಾವ ಸಭೆಯ ನಿಯಮವೂ ಬಾಗಿಲು ಹಾಕಿಲ್ಲ. ಬರಗಾಲದಲ್ಲಿ, ನೆರೆಯಲ್ಲಿ, ಆಸ್ಪತ್ರೆಯ ವಾರ್ಡಿನಲ್ಲಿ ಎಲ್ಲ ಸಭೆಗಳವರೂ ಕೂಡಿ ಬಡವರ ಪಾದ ತೊಳೆಯಬಹುದು. ಹಾಗೆ ಒಟ್ಟಿಗೆ ಬಗ್ಗಿದವರು ಮುಂದೊಂದು ದಿನ ಒಟ್ಟಿಗೆ ಕುಳಿತು ಉಣ್ಣುವುದು ಸುಲಭವಾದೀತು.

ತಮ್ಮವರೆಲ್ಲ ಒಂದಾಗಿರಲಿ ಎಂದು ಪ್ರಭು ಪ್ರಾರ್ಥಿಸಿದ್ದು ಪಾಡಿಗೀಡಾಗುವ ಹಿಂದಿನ ರಾತ್ರಿ. ಆ ಪ್ರಾರ್ಥನೆ ಇನ್ನೂ ಪೂರ್ತಿಯಾಗಿ ನೆರವೇರಿಲ್ಲ. ಬರುವ ಭಾನುವಾರ ಸಾಲಿನಲ್ಲಿ ನಿಂತಾಗ, 'ಆಮೆನ್' ಎನ್ನುವ ಮುಂಚೆ ಎರಡು ಹೆಸರುಗಳನ್ನು ಮನಸ್ಸಿನಲ್ಲಿ ನೆನೆಯೋಣ. ಈ ಪಂಕ್ತಿಗೆ ಬರಲಾಗದ ಒಬ್ಬ ಆತ್ಮೀಯರ ಹೆಸರು ಒಂದು, ಪಂಕ್ತಿಯಲ್ಲೇ ಇದ್ದು ನಾವು ಮಾತುಬಿಟ್ಟವರ ಹೆಸರು ಇನ್ನೊಂದು. ಮೊದಲನೆಯವರಿಗಾಗಿ ಪ್ರಾರ್ಥಿಸೋಣ. ಎರಡನೆಯವರ ಮನೆಗೆ ಅದೇ ದಿನ ಹೋಗಿಬರೋಣ.